ಸುಣ್ಣದ ಗೆರೆಯ ಮನೆ

ತಲೆಯ ಮೇಲೆ ಬುತ್ತಿಯ ಕುಕ್ಕೆ ಹೊತ್ತ ಮುತ್ಯಾಲಮ್ಮ ಸುಣ್ಣದ ಗೆರೆಯ ಮುಂದೆ ಗಕ್ಕನೆ ನಿಂತಳು. ಹುರುಳಿ ಕಿತ್ತ ಹೊಲದ ತುಂಬ ಮನೆಯ ಪಾಯಕ್ಕೆ ಗುರುತು ಹಾಕಿದ ಅಂಥವೇ ಗೆರೆಗಳು. ಅವುಗಳ ಒಳಗೆ ನಿಂತಿದ್ದ ಮಗ ಬಚ್ಚಪ್ಪ, ಸೊಸೆ ವೆಂಕಟರತ್ನಮ್ಮ ಮಾತು ನಿಲ್ಲಿಸಿದರು. ಹೊಲ ಮುದುಕಿಯ ಹೆಸರಿನಲ್ಲಿತ್ತು. "ದುಡ್ಡು ಕೊಟ್ಟು ನಮ್ ವಲ್ದಾಗೆ ಮಲಗಾಕೆ ಯಾವನ್ಲಾ ಬತ್ತಾನೆ?" ಎಂದು ಅವಳು, ಇವರಿಬ್ಬರು ತಂಗುಮನೆ ಕಟ್ಟುವ ಮಾತೆತ್ತಿದ ಯುಗಾದಿಯಿಂದಲೂ ಗೊಣಗುತ್ತಲೇ ಇದ್ದಳು.

"ಅತ್ತೆ, ಬಂಗಾರಪೇಟೆ ಟೇಸನ್ನಾಗೆ ರೈಲು ತಪ್ಪಿ ಮುದುರ್ಕಂಡಿರ್ತಾರಲ್ಲ, ಅವ್ರಿಗೆ ಇಲ್ಲಿ ಎಲ್ಡು ರೂಮು," ಸೊಸೆಯೇ ಧೈರ್ಯ ಮಾಡಿದಳು. "ಒಲೆಗೆ ನಮ್ ಅಸುಗಳ ಸಗಣಿ ಗ್ಯಾಸು. ಸ್ನಾನಕ್ಕೆ ಬಿಸಿಲಾಗೆ ಕಾದ ನೀರು. ಬೆಳಿಗ್ಗೆಗೆ ಆಗ್ಲೇ ಕರೆದ ನಮ್ದೇ ಆಲು, ನಮ್ದೇ ರಾಗಿ ರೊಟ್ಟಿ. ಯಾವ್ದಕ್ಕೂ ಪ್ಯಾಟೆಗೆ ಓಗಬೇಕಾಗಿಲ್ಲ."

ಮುತ್ಯಾಲಮ್ಮ ಒಂದೇ ಹೆಜ್ಜೆಗೆ ದಾಟಬಹುದಾಗಿದ್ದ ಗೆರೆಯನ್ನು ದಾಟದೆ, ಅದರ ಹೊರಗೇ ಸುತ್ತಿಕೊಂಡು ನಡೆದಳು. ಬಾಗಿಲಿಗೆಂದು ಗೆರೆ ಎಳೆಯದೆ ಬಿಟ್ಟಿದ್ದ ಜಾಗ ಬಂದಾಗ ನಿಂತಳು. ಉರಿಬಿಸಿಲಿಗೆ ಕಾದ ಮಣ್ಣಿನ ಮೇಲೆ ಚಪ್ಪಲಿ ಬಿಟ್ಟಳು. ಬಲಗಾಲನ್ನು ಮುಂದಿಟ್ಟು ಒಳಗೆ ಬಂದಳು.

ವೆಂಕಟರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಡುಗೆಮನೆಯ ಜಾಗದಲ್ಲಿದ್ದ ಬಚ್ಚಪ್ಪ ಖುಷಿ ತಡೆಯಲಾರದೆ, ಕುಕ್ಕೆ ಇಳಿಸಿಕೊಳ್ಳಲು ಗೆರೆ ಹಾರಿ ಓಡಿಬಂದ.

"ಲೇ, ಗೋಡೆ ಆರ್ಕಂಡು ಬತ್ತೀಯಲ್ಲಲೇ!" ಮುದುಕಿ ಗದರಿದಳು. "ಬಾಗಿಲಾಗೆ ಬಾರ್ಲಾ. ನೆಂಟರು ನೋಡಿದ್ರೆ ಏನಂದ್ಕಂತಾರೆ?"