ಎರಡನೇ ಹಾಳೆ

ನಗೋಯಾದಿಂದ ಬಂದ ಲಕೋಟೆಯನ್ನು ತೊಕಿಯೆ ತಲೆಕೆಳಗು ಮಾಡಿ ಮತ್ತೊಮ್ಮೆ ಕೊಡವಿದಳು. ಏನೂ ಬೀಳಲಿಲ್ಲ.

"ರೀ, ಇದರಲ್ಲಿ ಒಂದೇ ಹಾಳೆ ಇದೆ."

ಬಾಚಣಿಗೆಯ ಹಲ್ಲು ಕೊಯ್ಯುತ್ತಿದ್ದ ಗಂಡ ಗೆಂಝೊ ತಲೆ ಎತ್ತಲಿಲ್ಲ. "ಬರೆಯೋದು ಅಷ್ಟೇ ಇತ್ತೇನೋ."

"ಒಂದೇ ಹಾಳೆ ಬರೆದ್ರೆ ಹಿಂದೆ ಒಂದು ಖಾಲಿ ಹಾಳೆ ಇಡ್ತಾರೆ, ಮರ್ಯಾದೆಗೆ. ಸಾವಿನ ಮನೆಗೆ ಬರೆಯುವಾಗ ಮಾತ್ರ ಇಡಲ್ಲ, ಇನ್ನೊಂದು ಸಾವು ಬರಬಾರದು ಅಂತ. ನಿಶಿಗಾಕಿಯವರ ಅಂಗಡಿಯಿಂದ ಯಾವತ್ತಾದ್ರೂ ಹೀಗೆ ಬಂದಿದೆಯಾ? ಏನೋ ಇದೆ!"

ಪತ್ರದಲ್ಲಿದ್ದದ್ದು ಇಷ್ಟೇ: ಪ್ಲಮ್ ಹೂವು ಅರಳುವ ಈ ದಿನಗಳಲ್ಲಿ ತಾವು ಕ್ಷೇಮವೆಂದು ನಂಬಿದ್ದೇವೆ, ಈ ವರ್ಷದ ಬೇಡಿಕೆಯನ್ನು ಸದ್ಯದಲ್ಲೇ ತಿಳಿಸುತ್ತೇವೆ. ಆ 'ಸದ್ಯದಲ್ಲೇ' ಕೂಡ ತೊಕಿಯೆಗೆ ಸರಿ ಕಾಣಲಿಲ್ಲ. ಕಿಸೊ ಕಣಿವೆಯ ಈ ದಂಪತಿಯ ಪುಟ್ಟ ಕಾರ್ಖಾನೆಯ ಮುಕ್ಕಾಲು ಪಾಲು ಬಾಚಣಿಗೆ ಹೋಗುತ್ತಿದ್ದದ್ದು ಆ ಒಂದೇ ಅಂಗಡಿಗೆ. ಅವರು ಕೈಬಿಟ್ಟರೆ ಗೆಂಝೊನ ಗರಗಸ ಮೂಲೆ ಸೇರಿದಂತೆಯೇ.

"ಅಷ್ಟು ಅನುಮಾನ ಇದ್ರೆ ಫೋನ್ ಮಾಡಿ ಕೇಳೇ ಮಾರಾಯ್ತಿ."

"ನಮ್ಮನ್ನ ಬಿಟ್ಟುಬಿಡ್ತೀರಾ ಅಂತ ಬಾಯಿಬಿಟ್ಟು ಕೇಳೋದಾ? ತಲೆ ನೆಟ್ಟಗಿದೆಯಾ ನಿಮಗೆ? ಅವರ ಮನಸ್ಸು ಕರಗೋ ಹಾಗೆ ಪತ್ರ ಬರೀತೀನಿ, ನೋಡ್ತಿರಿ."

ಬರೆದಳಪ್ಪ! ಕೇಳಬೇಕಾದ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆದಳು. ನಮ್ಮ ಮಾವನವರ ಕಾಲದಿಂದ ತಾವು ತೋರಿದ ಪ್ರೀತಿಗೆ ತಲೆಬಾಗುತ್ತೇವೆ, ಈ ಋಣವನ್ನು ಎಂದಿಗೂ ಮರೆಯುವುದಿಲ್ಲ, ತಮ್ಮ ಅಂಗಡಿ ಇನ್ನಷ್ಟು ಏಳಿಗೆ ಕಾಣಲಿ. ಓದಿಕೊಂಡಾಗ ಅವಳ ಕಣ್ಣೇ ತುಂಬಿ ಬಂತು. ಹಿಂದೆ ಖಾಲಿ ಹಾಳೆ ಇಟ್ಟು ಅಂಚೆಗೆ ಹಾಕಿದಳು.

ಕೆಲವು ದಿನಗಳ ಮೇಲೆ ನಿಶಿಗಾಕಿಯವರೇ ಬಂದರು. ಅಂಗಡಿಯ ಖರೀದಿಯೆಲ್ಲ ನೋಡಿಕೊಳ್ಳುವ ಹಿರಿಯರು. ಕಪ್ಪು ಕೋಟು, ಕೈಯಲ್ಲಿ ಮಿಠಾಯಿ ಡಬ್ಬಿ. ಬಾಗಿಲಲ್ಲೇ ಸೊಂಟ ಬಗ್ಗಿಸಿ ನಿಂತುಬಿಟ್ಟರು.

"ತೊಕಿಯೆ ಅವರೇ, ನಿಮ್ಮ ಪತ್ರ ಓದಿ ತುಂಬಾ ಬೇಜಾರಾಯ್ತು. ಕಾರ್ಖಾನೆ ಮುಚ್ತಿದೀರಿ ಅಂತ ನಮಗೆ ಸುಳಿವೇ ಇರಲಿಲ್ಲವಲ್ಲ!"

"ಮುಚ್ಚೋದಾ? ಯಾರು ಹೇಳಿದ್ದು?"

ನಿಶಿಗಾಕಿ ತಬ್ಬಿಬ್ಬಾದರು. "ಋಣ ಮರೆಯಲ್ಲ, ಏಳಿಗೆ ಆಗ್ಲಿ ಅಂತ ಬರೆದಿದ್ರಿ... ಬಾಗಿಲು ಹಾಕೋರಲ್ವಾ ಹಾಗೆ ಬರೆಯೋದು? ನಾವು ನಿನ್ನೆ ತಾನೇ ನಿಮ್ಮ ಬದಲಿಗೆ ಒಸಾಕಾದ ಬಾಚಣಿಗೆಯವರ ಜೊತೆ ಮೂರು ವರ್ಷದ ಒಪ್ಪಂದಕ್ಕೆ ಮುದ್ರೆ ಒತ್ತಿಬಿಟ್ವಿ."

ಗೆಂಝೊ ಗರಗಸ ಕೆಳಗಿಟ್ಟ.

"ನಿಮ್ಮ ಪತ್ರದಲ್ಲಿ ಖಾಲಿ ಹಾಳೆ ಇರಲಿಲ್ಲ ಸ್ವಾಮಿ. ಅದಕ್ಕೇ ಇವಳು ಹೆದರಿಬಿಟ್ಳು."

"ಅಯ್ಯೋ, ಅದಾ? ಹೊಸದಾಗಿ ಸೇರಿದ ಹುಡುಗಿ, ಪಾಪ, ಅವಳಿಗೆ ಗೊತ್ತಿರಲಿಲ್ಲ. ಬೇರೆಯವರೂ ದೂರಿದ್ರು. ಈಗ ಕೂರಿಸಿಕೊಂಡು ಹೇಳಿಕೊಟ್ಟಿದೀನಿ."

ಕೊಡಲೆಂದೇ ತಂದಿದ್ದ ಲಕೋಟೆಯನ್ನು ಏನು ಮಾಡಬೇಕೋ ತಿಳಿಯದೆ, ಕೊನೆಗೆ ಎರಡೂ ಕೈಯಲ್ಲಿ ಹಿಡಿದು ನೀಡಿದರು. ತೊಕಿಯೆ ಬಿಡಿಸಿದಳು. ಮೊದಲ ಹಾಳೆಯಲ್ಲಿ ಇಷ್ಟು ವರ್ಷಗಳ ಸಂಬಂಧಕ್ಕೆ ಕೃತಜ್ಞತೆ, ವಿದಾಯ.

ಅದರ ಹಿಂದೆ, ಒಂದು ಸುಕ್ಕೂ ಇಲ್ಲದೆ ಮಡಿಸಿಟ್ಟ ಖಾಲಿ ಹಾಳೆ.