ಮನೆಯವರೆಲ್ಲರ ಕಫ

ಕ್ಷಯ ತಗುಲಿದ ಸೊಸೆ ಹೂವಕ್ಕನನ್ನು ರಾಚವ್ವ ದನದ ಕೊಟ್ಟಿಗೆಗೆ ತಳ್ಳಿ, ಮಗನಿಗೆ ಬೇರೆ ಮದುವೆ ಮಾಡಿಸಿದಳು. ಮಿಶನ್ ದವಾಖಾನೆಯವರು ಹೊತ್ತೊಯ್ದ ಸೊಸೆ ಸತ್ತಳೆಂದೇ ಊರು ನಂಬಿತು. ಬದುಕಿಕೊಂಡ ಹೂವಕ್ಕ ಅಲ್ಲೇ ನರ್ಸ್ ಆದಳು. ಅತ್ತೆ ಒಂದಲ್ಲ ಒಂದು ದಿನ ಈ ಬಾಗಿಲಿಗೆ ಬರಲಿ ಎಂದು ಹಲ್ಲು ಕಚ್ಚಿ ಕಾದಳು.

ಕೊನೆಗೂ ರಾಚವ್ವ ಬಂದಳು, ಕೆಮ್ಮುವ ಮಗನನ್ನು ಕರೆದುಕೊಂಡು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದ ನರ್ಸಿನ ಗುರುತು ಇಬ್ಬರಿಗೂ ಹತ್ತಲಿಲ್ಲ. ಮುನಸಿಪಾಲಿಟಿಯ ಹೊಸ ಕಾನೂನಿನಂತೆ ಮನೆಯವರೆಲ್ಲರ ಕಫವನ್ನೂ ಪರೀಕ್ಷೆಗೆ ತೆಗೆದುಕೊಂಡರು.

ಮರುದಿನ ರಾಚವ್ವ ಒಬ್ಬಳೇ ಬಂದು ಕೇಳಿದಳು, “ನನ್ನ ಮಗಗ ಏನಾಗೇತವ್ವಾ?”

“ಕ್ಷಯ. ಈಗಷ್ಟ ಅಂಟೇತಿ, ವಾಸಿ ಆಕ್ಕತಿ.”

“ಎಲ್ಲಾ ಆ ಹಾಳ ಸೊಸಿ ತಂದದ್ದು. ಸತ್ತರೂ ನಮ್ಮನ್ನ ಬಿಡವಲ್ಲಳು.”

“ನಿಮಗ ಯಾವಾಗಿಂದ ಕೆಮ್ಮು?”

“ನನ್ನದ ಬಿಡವ್ವಾ, ಅಕಿ ಮನಿಗೆ ಬರೂಕಿಂತ ಮೊದಲಿಂದ ಐತಿ.”

ಹೂವಕ್ಕ ಮುಖದ ಬಟ್ಟೆ ಬಿಚ್ಚಿದಳು.

“ನಿಮ್ಮ ಕಫದಾಗೂ ಕ್ಷಯ ಐತಿ, ಅತ್ತೀ. ನನಗ ನಿಮ್ಮಿಂದನ ಬಂದಿತ್ತು.”