ಕನ್ನಡಕದ ಸ್ಕ್ರೂ

ಹೊಲಿಗೆ ಮಿಷನ್ ಎಣ್ಣೆಯ ವಾಸನೆ ಬಂದರೆ ಈಗಲೂ ಗುಬ್ಬಿಯ ನಮ್ಮ ಜಗಲಿ ನೆನಪಾಗುತ್ತದೆ. ಅಲ್ಲಿ ಒಂದು ದಿನ ತಾತ, ನಾನು, ಬಟವಾಡಿಯಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಪಲ್ಲವಿ ಕೂತಿದ್ದೆವು.

ಅವಳ ಮಡಚುವ ಪುಟ್ಟ ಆಟಿಕೆ ಬೈನಾಕ್ಯುಲರ್‌ನ ಕೀಲು ಸಡಿಲವಾಗಿತ್ತು. ಅವಳು ನನಗೆ ಒಮ್ಮೆಯೂ ಮುಟ್ಟಲು ಕೊಡದಿದ್ದ ಅದನ್ನು ತಾತ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದು ಕಂಡು ನನ್ನ ಹೊಟ್ಟೆ ಉರಿಯಿತು. ಕೀಲು ಬಿಚ್ಚಿ ಎಣ್ಣೆ ಬಿಡುವಾಗ, ಹಿಡಿದುಕೋ ಎಂದು ಸ್ಕ್ರೂವನ್ನು ನನ್ನ ಕೈಗಿತ್ತರು. ನಾನು ಅದನ್ನು ಫ್ರಾಕಿನ ಜೇಬಿಗೆ ಇಳಿಸಿದೆ.

"ಬಿದ್ದೋಯ್ತು ತಾತ."

"ಬೇಕಂತ್ಲೇ ಬೀಳ್ಸವ್ಳೆ!" ಪಲ್ಲವಿ ಅಳತೊಡಗಿದಳು.

"ಅಳ್ಬೇಡ ಬುಡು ಕಣೇ," ಎಂದ ತಾತ, ತಮ್ಮ ಕನ್ನಡಕದ ಸ್ಕ್ರೂ ಬಿಚ್ಚಿ ಆ ಕೀಲಿಗೆ ಹಾಕಿದರು. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡರು.

ಪಲ್ಲವಿ ಊರಿಗೆ ಹೋದ ಮರುದಿನ ನಾನು ಬಚ್ಚಿಟ್ಟಿದ್ದ ಸ್ಕ್ರೂವನ್ನು ತಾತನ ಪೇಪರ್ ಮೇಲಿಟ್ಟೆ. ಅವರು ದಾರ ಬಿಚ್ಚಿ, ಅದನ್ನು ಕನ್ನಡಕಕ್ಕೆ ಹಾಕಿ ತಿರುಗಿಸಿದರು. ಸರಿಯಾಗಿಯೇ ಕೂತಿತು.